ಕರುಣಾಶ್ರಯ, ಬೆಂಗಳೂರು: ವಾಸಿಯಾಗದ ಕ್ಯಾನ್ಸರಿನ ನೋವಿಗೆ ಆರೈಕೆ

"ಇನ್ನು ಮಾಡೋದೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಆಸ್ಪತ್ರೆಯವರು ಹೇಳಿದ ಮೇಲೂ ಮಾಡುವುದು ಬಹಳ ಉಳಿದಿರುತ್ತದೆ. ಆ ಕೆಲಸಕ್ಕೆಂದೇ ಇರುವುದು ಮಾರತಹಳ್ಳಿ ಬಳಿಯ ಕರುಣಾಶ್ರಯ ಎಂಬ ಹಾಸ್ಪೈಸ್, ಅಂದರೆ ವಾಸಿಯಾಗದ ರೋಗಿಗಳ ಆರೈಕೆಮನೆ. ಇದನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಶುರುವಾದದ್ದು 1994ರಲ್ಲಿ. ಮರುವರ್ಷ ರೋಗಿಗಳ ಮನೆಗೇ ಹೋಗಿ ನೋಡುವ ತಂಡ ಬಂತು, 1999ರಿಂದ ಒಳರೋಗಿಗಳಿಗೂ ಜಾಗವಾಯಿತು. ಆರೈಕೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊಲ ಮಾರಿ, ಒಡವೆ ಅಡವಿಟ್ಟು ಚಿಕಿತ್ಸೆ ಮಾಡಿಸಿ ಬರಿಗೈಯಾದ ಮನೆಯವರಿಗೆ ಇದೊಂದೇ ಅರ್ಧ ಭಾರ ಇಳಿಸುತ್ತದೆ.

ಇಂಥ ಆರೈಕೆಯಲ್ಲಿ ಮೊದಲ ಕೆಲಸ ನೋವು ತಗ್ಗಿಸುವುದು. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ (ಅಫೀಮಿನಿಂದ ಬರುವ ಬಲವಾದ ನೋವುನಿವಾರಕ) ಮಾತ್ರೆಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುತ್ತಾರೆ. ಮನೆಯಲ್ಲಿ ತಪ್ಪುವುದು ಇಲ್ಲೇ. "ಚಟ ಹತ್ತೀತು" ಎಂಬ ಹೆದರಿಕೆಗೆ ನೋವು ಏರುವ ತನಕ ಕಾಯುತ್ತಾರೆ. ಏರಿದ ನೋವನ್ನು ಇಳಿಸುವುದು ಕಷ್ಟ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಯಾನ್ಸರಿನ ನೋವಿಗೆಂದು ಕೊಟ್ಟಾಗ ಚಟ ಹತ್ತುವುದು ವಿರಳ. ಮಲಬದ್ಧತೆಯಂತೂ ಬಂದೇ ಬರುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಿಸುವ ಮಾತ್ರೆ ಬೇಕು. ಮಾರ್ಫಿನ್ ಅನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು.

ಹುಣ್ಣಾಗಿ ಕೊಳೆತ ಕ್ಯಾನ್ಸರ್ ಗೆಡ್ಡೆಯ ವಾಸನೆ ಕುಟುಂಬವನ್ನು ಒಡೆಯುವಷ್ಟು ಬೇರೇನೂ ಒಡೆಯುವುದಿಲ್ಲ ಎನ್ನಬಹುದು. ಮೊಮ್ಮಕ್ಕಳು ಹತ್ತಿರ ಸುಳಿಯುವುದಿಲ್ಲ, ರೋಗಿ ತಾನೇ ಮುಖ ತಿರುಗಿಸಿ ಮಲಗುತ್ತಾರೆ. ಗಾಯ ತೊಳೆದು, ಮೆಟ್ರೊನಿಡಜೋಲ್ (ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಮಾತ್ರೆ ಪುಡಿ ಮಾಡಿ ಉದುರಿಸಿ ಡ್ರೆಸ್ಸಿಂಗ್ ಮಾಡಿದರೆ ವಾಸನೆ ಬಹಳ ತಗ್ಗುತ್ತದೆ. ಮಗಳು ಮತ್ತೆ ಪಕ್ಕದಲ್ಲಿ ಕೂತು ತಲೆ ಬಾಚುತ್ತಾಳೆ. ಕರುಣೆ ಎಂದರೆ ಇಷ್ಟು ಸಣ್ಣ, ಇಷ್ಟು ಕೈಗೆಟಕುವ ಕೆಲಸ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು ಇವನ್ನೂ ಮನೆಯವರು ಕಲಿಯಬೇಕು.

ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಸಾಯುತ್ತದೆ. ಒತ್ತಾಯಿಸಿ ಗಂಜಿ ಕುಡಿಸಿದರೆ ಶ್ವಾಸನಾಳಕ್ಕೆ ಇಳಿಯಬಹುದು. "ಉಪವಾಸ ಕೆಡವಿದೆವಲ್ಲಾ" ಎಂಬ ಕೊರಗು ಆಮೇಲೆ ಬಹಳ ಕಾಲ ಕಾಡುತ್ತದೆ. ಹಸಿವು ಹೋಗುವುದು ಸಹಜ ಎಂದು ಆಪ್ತಸಮಾಲೋಚಕರು ಮೊದಲೇ ಕೂತು ಬಿಡಿಸಿ ಹೇಳಿದರೆ ದುಃಖ ಉಳಿದರೂ ಅಪರಾಧಭಾವ ಉಳಿಯುವುದಿಲ್ಲ. ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಡುವುದೂ ಹಾಗೆಯೇ: ಅವರಿಗೆ ಹೆಚ್ಚಾಗಿ ಗೊತ್ತೇ ಇರುತ್ತದೆ, ಆದರೆ ಹೇಳಬೇಕಾದ ಮಾತು ಇಬ್ಬರ ಗಂಟಲಲ್ಲೂ ಸಿಕ್ಕಿಕೊಳ್ಳುತ್ತದೆ.

ಕರುಣಾಶ್ರಯ ಗುಣಪಡಿಸುವ ಆಸ್ಪತ್ರೆಯಲ್ಲ, ಕೀಮೋಗೆಂದು ಬರಬೇಡಿ. ಊರಿನ ಪೂರ್ವ ತುದಿಯಲ್ಲಿರುವುದರಿಂದ ಕೆಂಗೇರಿ ಕಡೆಯವರಿಗೆ ದೂರ, ಟ್ರಾಫಿಕ್‌ನಲ್ಲಿ ನರಳುವ ರೋಗಿಗೆ ಇನ್ನೂ ದೂರ. ಕೊನೆಯ ಎರಡು ದಿನಕ್ಕೆ ಕರೆತಂದರೆ ನೋವಿನ ಔಷಧಿಯ ಪ್ರಮಾಣ ಹೊಂದಿಸಲೂ ಸಮಯ ಸಾಲದು. ಬಯಾಪ್ಸಿ ವರದಿ, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಈಗ ಕೊಡುತ್ತಿರುವ ಔಷಧಿಗಳ ಚೀಟಿ ಇಟ್ಟುಕೊಂಡು ಮೊದಲು ಫೋನ್ ಮಾಡಿ, ಹಾಸಿಗೆ ಖಾಲಿ ಇದೆಯೇ ಎಂದು ಕೇಳಿ. ಮನೆಯಲ್ಲೇ ಇರಬೇಕೆಂದು ರೋಗಿಗೆ ಆಸೆಯಿದ್ದರೆ ಮನೆಗೆ ಬರುವ ತಂಡದ ಬಗ್ಗೆಯೂ ಅದೇ ಕರೆಯಲ್ಲಿ ವಿಚಾರಿಸಿ.