ಮೊಳಕಾಲ್ಮೂರಿನ ಸೀರೆಯ ಚರಿತ್ರೆಗೆ ಯಾರ ನೆರವು?

ಮೊಳಕಾಲ್ಮೂರು ರೇಷ್ಮೆ ಸೀರೆಯ ಚರಿತ್ರೆ ಬರೆಯಹೊರಟವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್‌ ತಿಂಗಳ ಸಂಬಳದಂತೆ: ಕಿರಿಯರಿಗೆ 10,000, ಹಿರಿಯರಿಗೆ 20,000 ರೂಪಾಯಿ, ಎರಡು ವರ್ಷ. ಮನೆಖರ್ಚಿಗೆ ಆಸರೆ, ಅಷ್ಟೇ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಅಲ್ಲಿ ಯೋಜನೆಗೆ ಅನುದಾನ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ‘ಕಲೆ ಉಳಿಯಬೇಕು’ ಎಂಬ ಭಾಷಣ ಸಾಲದು (ಅದನ್ನು ಯಾರು ಬೇಕಾದರೂ ಬರೆಯುತ್ತಾರೆ). ಅಂಚಿನ ಒಂದು ಹೂಬಳ್ಳಿಯನ್ನು ನೇಕಾರರು ಯಾವಾಗ, ಏಕೆ ಕೈಬಿಟ್ಟರು ಎಂಬಷ್ಟು ಮೊನಚಾದ ಪ್ರಶ್ನೆ ಬೇಕು. ಮಗ್ಗದ ಮುಂದೆ ಕುಳಿತು ಕೇಳಿದವರಿಗಷ್ಟೇ ಅಂಥದ್ದು ಹೊಳೆಯುತ್ತದೆ. ಅದು ಕೈಯಲ್ಲಿದ್ದರೆ ಬೆಂಗಳೂರಿಗೇ ಬರೆಯಿರಿ. ಇನ್ನೂ ಹುಡುಕುತ್ತಿದ್ದರೆ ಫೆಲೋಶಿಪ್‌ ವಾಸಿ.