16 ನಿಮಿಷ ಬಾಕಿ: ‘ಹೈಸ್ಕೂಲ್ ಮ್ಯೂಸಿಕಲ್ 3’ ಹಾಡು ಹಾಡಾಗಿ

ತೆರೆ ಸರಿದ ಕೂಡಲೇ ಬೆವರಿಳಿಯುತ್ತಿರುವ ಒಂದು ಮುಖ. ಟ್ರಾಯ್ ಬೋಲ್ಟನ್ ಏದುಸಿರು ಬಿಡುತ್ತಿದ್ದಾನೆ, ಅವನ ತಂಡ ಅಂಕಗಳಲ್ಲಿ ಹಿಂದೆ ಬಿದ್ದಿದೆ. ಮೊದಲ ಹಾಡು ‘ನೌ ಆರ್ ನೆವರ್’ ಹೊರಡುವುದೇ ‘ಹದಿನಾರು’ ಎಂಬ ಎಣಿಕೆಯಿಂದ. ಅಮೆರಿಕದ ಹೈಸ್ಕೂಲ್ ಬಾಸ್ಕೆಟ್‌ಬಾಲ್‌ನಲ್ಲಿ ತಲಾ 8 ನಿಮಿಷದ 4 ಸುತ್ತು. ಅರ್ಧ ಆಟ ಮುಗಿದಾಗ ಉಳಿಯುವುದು ಸರಿಯಾಗಿ 16 ನಿಮಿಷ. ಆಟ ಗೊತ್ತಿಲ್ಲದವರ ಕಿವಿಗೆ ಅದು ತಾಳಕ್ಕೆ ಒಪ್ಪುವ ಒಂದು ಪದ, ಅಷ್ಟೇ. ಗೊತ್ತಿದ್ದವರಿಗೆ ಇಡೀ ಚಿತ್ರದ ಲೆಕ್ಕ ಅಲ್ಲೇ ಸಿಕ್ಕಿಬಿಡುತ್ತದೆ: ಗಡಿಯಾರ ಓಡುತ್ತಿದೆ, ಈ ಹುಡುಗರಿಗೆ ಈ ಶಾಲೆಯಲ್ಲಿ ಉಳಿದಿರುವುದು ಇಷ್ಟೇ ಹೊತ್ತು.

ಮೊದಲೆರಡು ಭಾಗಗಳು 2006ರ ಜನವರಿ ಮತ್ತು 2007ರ ಆಗಸ್ಟ್‌ನಲ್ಲಿ ಡಿಸ್ನಿ ಚಾನೆಲ್‌ನ ಟಿವಿ ಚಿತ್ರಗಳಾಗಿ ಬಂದವು. ‘ಸೀನಿಯರ್ ಇಯರ್’ ಎಂಬ ಉಪಶೀರ್ಷಿಕೆಯ ಮೂರನೆಯದು 2008ರ ಅಕ್ಟೋಬರ್ 24ರಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ನಿರ್ದೇಶಕ ಅದೇ ಕೆನ್ನಿ ಒರ್ಟೇಗಾ, ಬರಹ ಅದೇ ಪೀಟರ್ ಬಾರ್ಸೋಕಿನಿ. ಸುಮಾರು 1.1 ಕೋಟಿ ಡಾಲರ್ ಖರ್ಚಿನ ಈ ಚಿತ್ರ ಅಮೆರಿಕದಲ್ಲಿ ಮೊದಲ ಮೂರೇ ದಿನಕ್ಕೆ 4.2 ಕೋಟಿ ಗಳಿಸಿತು. ಜಗತ್ತಿನ ಒಟ್ಟು ಗಳಿಕೆ 25 ಕೋಟಿ ದಾಟಿತು. ಹಾಲಿವುಡ್ ಮಟ್ಟಕ್ಕೆ ಆ ಬಜೆಟ್ ತೀರಾ ಚಿಕ್ಕದು. ಇದ್ದ ದುಡ್ಡನ್ನೆಲ್ಲ ಹಾಡುಗಳ ಮೇಲೆ ಸುರಿದಿರುವುದು ನೋಡಿದರೇ ತಿಳಿಯುತ್ತದೆ.

ನಮ್ಮವರು ಮೊದಲ ಸಲ ನೋಡುವಾಗ ಕೇಳುವ ಪ್ರಶ್ನೆ: ಕೊನೆಯ ವರ್ಷ ಅಂತೀರಿ, ಪರೀಕ್ಷೆ ಎಲ್ಲಿ? ಅಮೆರಿಕದ ಹೈಸ್ಕೂಲ್ ಎಂದರೆ 9ರಿಂದ 12ನೇ ತರಗತಿ. ಸೀನಿಯರ್ ವರ್ಷದ ಮಕ್ಕಳು ವಯಸ್ಸಿನಲ್ಲಿ ನಮ್ಮ ಎರಡನೇ ಪಿಯುಸಿಗೆ ಸಮ. ಅಲ್ಲಿ ವರ್ಷದ ಕೊನೆಗೆ ಎಲ್ಲರ ಹಣೆಬರಹ ಬರೆಯುವ ಬೋರ್ಡ್ ಪರೀಕ್ಷೆ ಇಲ್ಲ. ಶರತ್ಕಾಲದಲ್ಲಿ ಕಾಲೇಜುಗಳಿಗೆ ಅರ್ಜಿ, ವಸಂತದಲ್ಲಿ ಉತ್ತರ, ಮೇ 1ರ ಹೊತ್ತಿಗೆ ಯಾವ ಕಾಲೇಜು ಎಂಬ ತೀರ್ಮಾನ, ಆಮೇಲೆ ಪ್ರಾಮ್ ಎಂಬ ನೃತ್ಯಕೂಟ, ಕೊನೆಗೆ ಟೋಪಿ ಗೌನು ತೊಟ್ಟು ಪದವಿ ಸಮಾರಂಭ. ಚಿತ್ರದ ಎದೆಬಡಿತವೆಲ್ಲ ಈ ಪಂಚಾಂಗದ್ದೇ. ಇದಿಷ್ಟು ಗೊತ್ತಿದ್ದರೆ ಟ್ರಾಯ್‌ನ ಪ್ರೇಯಸಿ ಗೇಬ್ರಿಯೆಲ್ಲಾ ಮನೆ ಬಿಡುವ ದೃಶ್ಯ ತಟ್ಟಬೇಕಾದ ಜಾಗಕ್ಕೆ ತಟ್ಟುತ್ತದೆ.

ಕಥೆ ಸರಳ. ಟ್ರಾಯ್‌ಗೆ (ಜ್ಯಾಕ್ ಎಫ್ರಾನ್) ಅಪ್ಪನ ಆಸೆಯಂತೆ ಊರಿನ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಜಾಗ ಕಾದಿದೆ, ಗೆಳೆಯ ಚಾಡ್ (ಕಾರ್ಬಿನ್ ಬ್ಲೂ) ಜೊತೆಗೆ ಬರುವವನು. ಗೇಬ್ರಿಯೆಲ್ಲಾ (ವನೆಸಾ ಹಜೆನ್ಸ್) ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಾಳೆ, ಅದೂ ನೆನೆಸಿದ್ದಕ್ಕಿಂತ ಮೊದಲೇ. ನಾಟಕದ ಮೇಡಂ ಮಿಸ್ ಡಾರ್ಬಸ್ ನ್ಯೂಯಾರ್ಕಿನ ಜುಲಿಯಾರ್ಡ್ ಶಾಲೆ ನಾಲ್ವರನ್ನು ಗಮನಿಸುತ್ತಿದೆ, ವಿದ್ಯಾರ್ಥಿವೇತನ ಒಬ್ಬರಿಗೇ ಎನ್ನುತ್ತಾರೆ. ಅವಳಿಗಳಾದ ಶಾರ್ಪೇ (ಆ್ಯಶ್ಲೀ ಟಿಸ್‌ಡೇಲ್) ಮತ್ತು ರಯಾನ್ (ಲ್ಯೂಕಸ್ ಗ್ರಬೀಲ್), ಪಿಯಾನೊ ನುಡಿಸುವ ಕೆಲ್ಸಿ, ನಾಲ್ಕನೆಯವನು ಟ್ರಾಯ್. ಅರ್ಜಿ ಹಾಕಿದ್ದು ಯಾರು ಎಂಬುದು ಅವನಿಗೇ ಗೊತ್ತಿಲ್ಲ. ಈ ಗೋಜಲಿನ ನಡುವೆ ಮಕ್ಕಳು ತಮ್ಮದೇ ಕೊನೆಯ ವರ್ಷವನ್ನು ನಾಟಕವಾಗಿ ಕಟ್ಟುತ್ತಾರೆ.

ಇನ್ನು ಹಾಡುಗಳಿಗೆ ಬರೋಣ. ಚಿತ್ರ ಬದುಕಿರುವುದೇ ಅಲ್ಲಿ.

ಮೇಲ್ಛಾವಣಿಯ ತೋಟದಲ್ಲಿ ನಡೆಯುವ ‘ಕ್ಯಾನ್ ಐ ಹ್ಯಾವ್ ದಿಸ್ ಡಾನ್ಸ್’ ಈ ಮೂರೂ ಚಿತ್ರಗಳಲ್ಲಿ ಅತ್ಯುತ್ತಮ ಹಾಡು. ಇದು ವಾಲ್ಟ್ಜ್, ಅಂದರೆ ಮೂರರ ನಡೆ. ನಮ್ಮವರು ರೂಪಕ ತಾಳ ಹಾಕುವಂತೆ ಎರಡು ಪೆಟ್ಟು, ಒಂದು ಬೀಸು ಹಾಕುತ್ತಾ ಕೇಳಿ, ಕೈ ತಾನಾಗಿಯೇ ಕೂಡಿಕೊಳ್ಳುತ್ತದೆ. ವಾಲ್ಟ್ಜ್‌ನ ಮೂಲ ಹೆಜ್ಜೆ ನೆಲದ ಮೇಲೆ ಒಂದು ಚೌಕ ಬಿಡಿಸುತ್ತದೆ. ಮುಂದಾಳು ಎಡಗಾಲು ಮುಂದಿಡಬೇಕು, ಬಲಗಾಲು ಪಕ್ಕಕ್ಕೆ, ಎಡಗಾಲು ತಂದು ಜೋಡಿಸಬೇಕು. ಆಮೇಲೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಜೋಡಣೆ. ಆರು ಎಣಿಕೆಗೆ ಚೌಕ ಮುಗಿಯಿತು. ಕಲಿಯುವವರು ಎಡವುವುದು ಮೂರನೇ ಎಣಿಕೆಯಲ್ಲಿ. ಕಾಲು ಜೋಡಿಸುತ್ತಾರೆ, ಮೈಭಾರವನ್ನು ಆ ಕಾಲಿಗೆ ದಾಟಿಸುವುದಿಲ್ಲ. ನಾಲ್ಕನೆಯದಕ್ಕೆ ಎತ್ತಬೇಕಾದ ಕಾಲಿನ ಮೇಲೇ ಭಾರ ಕೂತಿರುತ್ತದೆ, ಹೆಜ್ಜೆ ಸಿಕ್ಕಿಕೊಳ್ಳುತ್ತದೆ. ದೃಶ್ಯದಲ್ಲಿ ಕಲಿಸುವವಳು ಗೇಬ್ರಿಯೆಲ್ಲಾ, ಕಲಿಯುವವನು ಟ್ರಾಯ್. ಮುಂದಾಳಾಗುವುದು ಹೇಗೆಂದು ಅವಳೇ ಅವನಿಗೆ ಹೇಳಿಕೊಡುತ್ತಾಳೆ. ಅವನ ಮೈ ಮೊದಲು ಬಿಗಿದಿರುತ್ತದೆ, ಸುತ್ತು ಸುತ್ತಿಗೂ ಭುಜ ಸಡಿಲವಾಗುತ್ತದೆ. ಮಳೆ ಶುರುವಾದ ಮೇಲೂ ಕ್ಯಾಮೆರಾ ಅವಸರ ಮಾಡದೆ ಅವರ ಜೊತೆಗೇ ಸುತ್ತುತ್ತದೆ. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಇದೇ ಹಾಡು ಮರಳಿ ಬರುವಾಗ ಹೆಜ್ಜೆ ಅವನಿಗೆ ಕರಗತವಾಗಿರುತ್ತದೆ. ಅವರಿಬ್ಬರ ನಡುವೆ ಏನಾಯಿತೆಂದು ಹೇಳಲು ಅಲ್ಲಿ ಮಾತೇ ಬೇಕಿಲ್ಲ.

‘ಸ್ಕ್ರೀಮ್’ ಇನ್ನೊಂದು ತುದಿ. ರಾತ್ರಿ, ಖಾಲಿ ಶಾಲೆ, ಟ್ರಾಯ್ ಒಬ್ಬನೇ. ಶಾಲೆಯ ಓಣಿ ಅವನ ಸುತ್ತ ತಿರುಗತೊಡಗುತ್ತದೆ, ಅವನು ಗೋಡೆ ಹತ್ತಿ ಚಾವಣಿಯ ಮೇಲೆ ನಡೆಯುತ್ತಾನೆ. 1951ರ ‘ರಾಯಲ್ ವೆಡ್ಡಿಂಗ್’ನಲ್ಲಿ ಫ್ರೆಡ್ ಆಸ್ಟೇರ್ ಕುಣಿದ ಕೋಣೆಯದೇ ಉಪಾಯ ಇದು. ಓಣಿಯ ಸೆಟ್ಟನ್ನು ಉರುಳೆಯಂಥ ಚೌಕಟ್ಟಿನೊಳಗೆ ಕಟ್ಟಿ ತಿರುಗಿಸುತ್ತಾರೆ. ಕ್ಯಾಮೆರಾವನ್ನು ಸೆಟ್ಟಿಗೇ ಬಿಗಿದಿರುತ್ತಾರೆ, ಎರಡೂ ಒಟ್ಟಿಗೆ ತಿರುಗುತ್ತವೆ. ನಟ ಯಾವಾಗಲೂ ಕೆಳಭಾಗದಲ್ಲೇ ನಡೆಯುತ್ತಿರುತ್ತಾನೆ. ಕ್ಯಾಮೆರಾದ ಕಣ್ಣಿಗೆ ಮಾತ್ರ ಓಣಿ ನಿಂತಲ್ಲೇ ನಿಂತಿದ್ದು ಅವನೇ ಗೋಡೆ ಹತ್ತಿದಂತೆ ಕಾಣುತ್ತದೆ. ದೀಪಗಳನ್ನೂ ಸೆಟ್ಟಿಗೇ ಕಟ್ಟಬೇಕು, ಇಲ್ಲವಾದರೆ ನೆರಳು ಸರಿದು ಗುಟ್ಟು ರಟ್ಟಾಗುತ್ತದೆ. ಸಡಿಲ ಬಟ್ಟೆ, ಉದ್ದ ಕೂದಲು ನಿಜವಾದ ನೆಲದ ಕಡೆಗೇ ಜೋಲುವುದರಿಂದ ಅವೂ ಕೈಕೊಡುತ್ತವೆ. ಒರ್ಟೇಗಾ 1980ರ ‘ಜನಾಡು’ ಚಿತ್ರದಲ್ಲಿ ಜೀನ್ ಕೆಲ್ಲಿ ಜೊತೆ ಕೆಲಸ ಮಾಡಿದವರು. ಹಳೆಯ ಹಾಲಿವುಡ್ ನೃತ್ಯದ ಪಾಠ ನೇರವಾಗಿ ಆ ಕೈಯಿಂದ ಬಂದದ್ದು. ಇಲ್ಲಿ ಆ ಚಮತ್ಕಾರಕ್ಕೆ ಅರ್ಥವೂ ಇದೆ. ಯಾವ ದಿಕ್ಕು ನೆಲ, ಯಾವುದು ಮೇಲು ಎಂದು ತಿಳಿಯದ ಹುಡುಗನ ಸ್ಥಿತಿ ಅದು. ಬಾಸ್ಕೆಟ್‌ಬಾಲ್‌ಗಳು ಮಳೆಯಂತೆ ಸುರಿಯುವ ತುಣುಕು ಕೊಂಚ ಅತಿಯಾಯಿತು, ಓಣಿಯೊಂದೇ ಸಾಕಿತ್ತು.

‘ದ ಬಾಯ್ಸ್ ಆರ್ ಬ್ಯಾಕ್’ ಗುಜರಿ ಅಂಗಳದಲ್ಲಿ. ಹಳೆಯ ಟ್ರಕ್ಕಿಗೆ ಬಿಡಿಭಾಗ ಹುಡುಕಲು ಬಂದ ಟ್ರಾಯ್ ಮತ್ತು ಚಾಡ್ ಚಿಕ್ಕಂದಿನ ಆಟಗಳಿಗೆ ಮರಳುತ್ತಾರೆ. ಕಾರ್ಬಿನ್ ಬ್ಲೂ ಎಂಥ ನೃತ್ಯಗಾರ ಎಂದು ತಿಳಿಯಲು ಇದೊಂದು ಸಾಕು. ನೆಗೆತದಿಂದ ನೆಲಕ್ಕಿಳಿಯುವಾಗ ಮಂಡಿ ಮಡಿಯುವ ರೀತಿ, ಟೈರುಗಳ ನಡುವೆ ತಪ್ಪದ ಹೆಜ್ಜೆ. ‘ಐ ವಾಂಟ್ ಇಟ್ ಆಲ್’ನಲ್ಲಿ ಶಾಲೆಯ ಕ್ಯಾಂಟೀನು ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇ ಆಗುತ್ತದೆ. ಆ್ಯಶ್ಲೀ ಟಿಸ್‌ಡೇಲ್ ಮತ್ತು ಲ್ಯೂಕಸ್ ಗ್ರಬೀಲ್ ಇಬ್ಬರೂ ಮುಖಭಾವ, ಕುತ್ತಿಗೆ, ಬೆರಳತುದಿಯವರೆಗೆ ತಾಳದಲ್ಲಿದ್ದಾರೆ. ‘ಎ ನೈಟ್ ಟು ರಿಮೆಂಬರ್’ ಹುಡುಗಿಯರ ಸಂಭ್ರಮವನ್ನೂ ಬಾಡಿಗೆ ಕೋಟಿನಲ್ಲಿ ಒದ್ದಾಡುವ ಹುಡುಗರನ್ನೂ ಎದುರುಬದುರು ನಿಲ್ಲಿಸುತ್ತದೆ. ‘ವಾಕ್ ಅವೇ’ ಮತ್ತು ‘ಜಸ್ಟ್ ವಾನಾ ಬಿ ವಿತ್ ಯು’ ಸಾಧಾರಣ.

ದನಿಯ ಬಗ್ಗೆ ಒಂದು ಮಾತು. ಮೊದಲ ಭಾಗದಲ್ಲಿ ಟ್ರಾಯ್‌ನ ಹಾಡುಗಳಲ್ಲಿ ಕೇಳುವುದು ಹೆಚ್ಚಾಗಿ ಡ್ರೂ ಸೀಲಿ ಎಂಬ ಗಾಯಕನ ದನಿ, ಎಫ್ರಾನ್ ದನಿಯ ಜೊತೆ ಬೆರೆಸಿದ್ದು. ಎರಡನೆಯದರಿಂದ ಎಫ್ರಾನ್ ತಾನೇ ಹಾಡಿದ. ಮೂರೂ ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದರೆ ಮೊದಲನೆಯದರ ದನಿ ಎತ್ತರದಲ್ಲಿ ತೆಳ್ಳಗಿದೆ, ಮೂರನೆಯದರದ್ದು ಕೆಳಗಿನ ಸ್ವರಗಳಲ್ಲಿ ದಪ್ಪ, ಅಂಚು ಒರಟು. ‘ಸ್ಕ್ರೀಮ್’ಗೆ ಆ ಒರಟುತನವೇ ಜೀವ. ಆದರೆ ಗುಂಪು ಹಾಡುಗಳಲ್ಲಿ ಶ್ರುತಿಯನ್ನು ಯಂತ್ರದಿಂದ ಎಷ್ಟು ನಯ ಮಾಡಿದ್ದಾರೆಂದರೆ ಯಾರು ಹಾಡುತ್ತಿದ್ದಾರೆಂದು ಗುರುತಿಸುವುದೇ ಕಷ್ಟ. ನೋವಾಗುವ ಸಂಗತಿ ಇದು, ಏಕೆಂದರೆ ಈ ದನಿಗಳು ನಿಜಕ್ಕೂ ಬೇರೆ ಬೇರೆ.

ಸೋಲುವುದು ಎಲ್ಲಿ? ಕಾಲೇಜಿನ ಲೆಕ್ಕದಲ್ಲಿ. ಜುಲಿಯಾರ್ಡ್‌ನಲ್ಲಿ ಸಂಗೀತ, ನೃತ್ಯ, ನಾಟಕ ಮೂರು ವಿಭಾಗ. ಅರ್ಜಿ ಹಾಕಿದವರು ಆಡಿಷನ್ ಕೊಡಬೇಕು. ಶಾಲೆಯ ನಾಟಕ ನೋಡಲು ಬಂದವರು ಅಲ್ಲೇ ವಿದ್ಯಾರ್ಥಿವೇತನ ಘೋಷಿಸುವ ಪದ್ಧತಿ ಇಲ್ಲ. ಟ್ರಾಯ್ ಕೊನೆಗೆ ಆಯ್ದುಕೊಳ್ಳುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಗೆ ಹಿಂದಿನ ನವೆಂಬರ್‌ನಲ್ಲೇ ಅರ್ಜಿ ಹೋಗಿರಬೇಕು. ವೇದಿಕೆಯ ಮೇಲೆ ಅದನ್ನು ಹೇಳುವ ಗಳಿಗೆ ಚಂದ ಇದೆ, ಅಲ್ಲಿಗೆ ತಲುಪಿದ ದಾರಿಯನ್ನು ಮಾತ್ರ ತೋರಿಸಿಲ್ಲ. ಅವನು ಕದ್ದು ಅರ್ಜಿ ತುಂಬುವ ಅರ್ಧ ನಿಮಿಷದ ದೃಶ್ಯ ಇದ್ದಿದ್ದರೆ ನಿರ್ಧಾರ ಅವನದೇ ಅನ್ನಿಸುತ್ತಿತ್ತು. ಚಾಡ್ ಹೋಗುವ ಯೂನಿವರ್ಸಿಟಿ ಆಫ್ ಆಲ್ಬಕರ್ಕಿ ಕೂಡ ಈಗಿಲ್ಲ. ಆ ಹೆಸರಿನ ಕ್ಯಾಥೊಲಿಕ್ ಸಂಸ್ಥೆ 1986ರಲ್ಲೇ ಮುಚ್ಚಿತು. ಊರಿನಲ್ಲಿ ಇರುವುದು ಯೂನಿವರ್ಸಿಟಿ ಆಫ್ ನ್ಯೂ ಮೆಕ್ಸಿಕೊ. ಕಥೆಯ ಊರು ಆಲ್ಬಕರ್ಕಿ, ಚಿತ್ರೀಕರಣ ನಡೆದದ್ದು ಯೂಟಾದ ಸಾಲ್ಟ್ ಲೇಕ್ ಸಿಟಿಯ ಈಸ್ಟ್ ಹೈಸ್ಕೂಲಿನಲ್ಲಿ.

ಬರ್ಕ್ಲಿ ಏಕೆ? ಗೇಬ್ರಿಯೆಲ್ಲಾ ಇರುವ ಜಾಗದಿಂದ 32.7 ಮೈಲಿ ಎನ್ನುತ್ತಾನೆ ಟ್ರಾಯ್. ಅಂದರೆ 52 ಕಿಲೋಮೀಟರಿನಷ್ಟು, ಹೆಚ್ಚುಕಡಿಮೆ ಬೆಂಗಳೂರಿನಿಂದ ರಾಮನಗರ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡದ ಮನೆಗಳಿಗೆ ಈ ದಾರಿ ಚೆನ್ನಾಗಿ ಗೊತ್ತು. ಸಂಜೆಯ ಟ್ರಾಫಿಕ್‌ನಲ್ಲಿ ಸೇತುವೆ ದಾಟುವಾಗ ಗಂಟೆ ಮೀರುತ್ತದೆ. ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಆಟದಲ್ಲಿ ಹಳೆಯ ಎದುರಾಳಿಗಳು. ಅವಳ ಕಾಲೇಜಿನ ವಿರುದ್ಧವೇ ಅವನು ಚೆಂಡು ಹಿಡಿಯಬೇಕಾಗುತ್ತದೆ. ಅದರಿಂದ ಒಳ್ಳೆಯದೊಂದು ಮಾತುಕತೆ ಹುಟ್ಟಬಹುದಿತ್ತು.

ಗೇಬ್ರಿಯೆಲ್ಲಾ ಪಾತ್ರಕ್ಕೂ ಅನ್ಯಾಯವಾಗಿದೆ. ಮತ್ತೆ ಮತ್ತೆ ವಿದಾಯ ಹೇಳಲಾರೆ ಎಂದು ಅವಳು ದೂರ ನಿಲ್ಲುವುದು ಚಿತ್ರದ ಅತ್ಯಂತ ನಿಜವಾದ ಭಾವನೆ. ಅದಕ್ಕೆ ಸಿಕ್ಕಿದ್ದು ಒಂದು ಫೋನ್ ಮಾತು, ಒಂದು ಹಾಡು. ಮಿಕ್ಕ ಹೊತ್ತನ್ನು ಜಿಮ್ಮಿ, ಡಾನಿ, ಟಿಯಾರಾ ಎಂಬ ಮೂವರು ಹೊಸಬರು ತಿಂದಿದ್ದಾರೆ. ಗೇಬ್ರಿಯೆಲ್ಲಾಳ ಗೆಳತಿ ಟೇಲರ್ ಪಾತ್ರದ ಮೋನಿಕ್ ಕೋಲ್ಮನ್‌ಗೆ ಚಿತ್ರೀಕರಣದ ವೇಳೆ 27 ವರ್ಷ. ಗುಂಪಿನಲ್ಲಿ ಎಲ್ಲರಿಗಿಂತ ಪಳಗಿದ ನಟಿ, ಮಾಡಲು ಕೆಲಸವೇ ಇಲ್ಲ.

ಸ್ಕೂಲ್ ಡೇಗೆ ಇದರ ಹಾಡು ಆರಿಸಿಕೊಳ್ಳುವ ಶಿಕ್ಷಕರಿಗೆ ಎರಡು ಸೂಚನೆ. ‘ನೌ ಆರ್ ನೆವರ್’ ಆದರೆ ನಿಜವಾದ ಚೆಂಡುಗಳು ನಾಲ್ಕಕ್ಕಿಂತ ಹೆಚ್ಚು ಬೇಡ. ಮರದ ಹಲಗೆಯ ವೇದಿಕೆಯ ಮೇಲೆ ಪುಟಿಸುವ ಸದ್ದು ನೆಲದ ಮೈಕುಗಳಿಗೆ ನುಗ್ಗಿ ಹಾಡನ್ನೇ ನುಂಗುತ್ತದೆ. ಮಕ್ಕಳು ಸೊಂಟದೆತ್ತರಕ್ಕೆ ಪುಟಿಸಿದರೆ ಚೆಂಡು ಕೈಗೆ ಮರಳುವುದು ತಡವಾಗಿ ತಾಳ ಜಾರುತ್ತದೆ. ಮೊಣಕಾಲಿನೆತ್ತರಕ್ಕೆ ಇಳಿಸಿ, ಗಾಳಿ ತುಸು ಕಡಿಮೆ ಮಾಡಿ. ವೇದಿಕೆಯ ಮುಂದಿನ ಅಂಚಿಗೆ ನಾಲ್ಕು ಬೆರಳೆತ್ತರದ ಪಟ್ಟಿ ಹೊಡೆದರೆ ಉರುಳಿದ ಚೆಂಡು ಮೊದಲ ಸಾಲಿನ ಅಜ್ಜಿಯರ ಮಡಿಲು ಸೇರುವುದಿಲ್ಲ. ವಾಲ್ಟ್ಜ್ ಹಾಡಾದರೆ ಎಂಟು ಜೋಡಿಗೆ ನಿಲ್ಲಿಸಿ, ಪ್ರತಿ ಜೋಡಿಗೆ ಆರಡಿ ಚೌಕದ ಜಾಗ ಬಿಡಿ. ಮೊದಲ ವಾರ ಹಾಡೇ ಹಾಕದೆ ಬರೀ ಎಣಿಕೆಯಲ್ಲಿ ಚೌಕ ನಡೆಸಿ. ಹಾಡು ಹಾಕಿದ ಕೂಡಲೇ ಮಕ್ಕಳು ದನಿಯ ಹಿಂದೆ ಓಡಿ ಮೂರನೇ ಎಣಿಕೆ ನುಂಗುತ್ತಾರೆ.

ಮನೆಯಲ್ಲಿ ನೋಡುವುದಾದರೆ 112 ನಿಮಿಷದ ಚಿತ್ರಮಂದಿರದ ಆವೃತ್ತಿಯೇ ಬಿಗಿ. ಡಿಸ್ಕಿನ ವಿಸ್ತೃತ ಆವೃತ್ತಿಯ ಹೆಚ್ಚುವರಿ ನಿಮಿಷಗಳಿಂದ ಕಥೆಗೆ ಏನೂ ಸೇರಿಲ್ಲ. ಹೊಡೆದಾಟ, ಕೆಟ್ಟ ಮಾತು ಇಲ್ಲ, ಏಳೆಂಟು ವರ್ಷದ ಮಕ್ಕಳ ಜೊತೆ ಕೂತು ನೋಡಬಹುದು. ಮೊದಲ ಭಾಗವನ್ನು ನೋಡಿಯೇ ಇದಕ್ಕೆ ಬನ್ನಿ, ಎರಡನೆಯದನ್ನು ಬಿಟ್ಟರೂ ನಡೆಯುತ್ತದೆ. ಮೊದಲನೆಯದು ಬೇಕೇ ಬೇಕು, ಏಕೆಂದರೆ ಅದರ ‘ವಿ ಆರ್ ಆಲ್ ಇನ್ ದಿಸ್ ಟುಗೆದರ್’ ಹಾಡನ್ನು ಇಲ್ಲಿ ಪದವಿ ಸಮಾರಂಭಕ್ಕೆ ನಿಧಾನವಾಗಿ, ಕೋರಸ್ಸಿನಂತೆ ಹಾಡಿಸಿದ್ದಾರೆ. ಅಂದು ಜಿಮ್ನೇಸಿಯಮ್ಮಿನಲ್ಲಿ ಕೈ ಎತ್ತಿ ಕುಣಿದ ಮಕ್ಕಳು ಇಂದು ಕೆಂಪು ಬಿಳಿ ಗೌನಿನಲ್ಲಿ ನಿಂತು ಅದೇ ಸಾಲುಗಳನ್ನು ಹಾಡುವಾಗ, ಹಳೆಯ ಹೆಜ್ಜೆಗಳು ಕಣ್ಣ ಮುಂದಿದ್ದವರಿಗಷ್ಟೇ ಗಂಟಲು ಕಟ್ಟುತ್ತದೆ.