ರಿವಿಯನ್ ಆರ್‌ಒನ್‌ಟಿಯೋ, ಜೀಪ್ ರೂಬಿಕಾನೋ: ಮೋಆಬ್ ಕಲ್ಲುದಾರಿಯ ಲೆಕ್ಕ

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋಆಬ್ ಸುತ್ತಮುತ್ತಲಿನ ಕಲ್ಲುದಾರಿಗಳಿಗೆ ನನ್ನ ಆಯ್ಕೆ ಪೆಟ್ರೋಲ್ ಜೀಪ್. ನಾಲ್ಕು ಬಾಗಿಲಿನ ರ‍್ಯಾಂಗ್ಲರ್ ರೂಬಿಕಾನ್, 3.6 ಲೀಟರ್ ವಿ-6. ಎದುರಿಗೆ ನಿಲ್ಲಿಸಿರುವುದು ನಾಲ್ಕು ಮೋಟರಿನ ಎಲೆಕ್ಟ್ರಿಕ್ ಪಿಕಪ್, ಮೊದಲ ತಲೆಮಾರಿನ ರಿವಿಯನ್ ಆರ್‌ಒನ್‌ಟಿ, 20 ಇಂಚಿನ ಆಲ್-ಟೆರೇನ್ ಟೈರ್ ಹಾಕಿದ್ದು. ರಿವಿಯನ್ ನಿಜಕ್ಕೂ ಒಳ್ಳೆಯ ಗಾಡಿ. ಹೆದ್ದಾರಿಯಲ್ಲೂ ಕ್ಯಾಂಪಿನಲ್ಲೂ ಜೀಪು ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಫೋನ್ ಸಿಗ್ನಲ್ ಇಲ್ಲದ ಜಾಗದಲ್ಲಿ ಟೈರ್ ಸೀಳಿದರೆ ಮುಂದೇನು ಎಂದು ಕೇಳಿದಾಗ ಜೀಪೇ ಗೆಲ್ಲುತ್ತದೆ.

ಎಲ್ಲರೂ ಮೊದಲು ಕೇಳುವುದು ಚಾರ್ಜ್ ಸಾಕಾಗುತ್ತದಾ ಅಂತ. ಸಾಕಾಗುತ್ತದೆ. ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ವೈಟ್ ರಿಮ್ ರಸ್ತೆಯ ಸುತ್ತು ಸುಮಾರು 100 ಮೈಲಿ, ಮೋಆಬ್‌ನಿಂದ ಹೋಗಿಬರುವುದೂ ಸೇರಿದರೆ 160ರ ಆಸುಪಾಸು. ದೊಡ್ಡ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು ಸುಮಾರು 130 ಯೂನಿಟ್. ಕಚ್ಚಾದಾರಿಯಲ್ಲಿ ಯೂನಿಟ್ಟಿಗೆ 1.5 ಮೈಲಿ ಹಿಡಿದರೂ 195 ಮೈಲಿ ಆಯಿತು. ವೇಗ ಗಂಟೆಗೆ 10–15 ಮೈಲಿ ಮೀರದ ಕಾರಣ ಅಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ. ಬ್ಯಾಟರಿ ತಿನ್ನುವುದು ಅಲ್ಲಿಗೆ ತಲುಪಿಸುವ ಹೆದ್ದಾರಿ. ಲಾಸ್ ವೇಗಸ್ ಕಡೆಯಿಂದ ಬರುವವರಿಗೆ ಐ-70 ಹೆದ್ದಾರಿಯಲ್ಲಿ ಸಲೈನಾದಿಂದ ಗ್ರೀನ್ ರಿವರ್‌ವರೆಗೆ 100 ಮೈಲಿಗೂ ಮೀರಿ ಬಂಕೂ ಇಲ್ಲ, ಅಂಗಡಿಯೂ ಇಲ್ಲ. ಏರು, ಎದುರುಗಾಳಿ, 80 ಮೈಲಿ ವೇಗ ಮೂರೂ ಸೇರಿದರೆ ಪರದೆಯ ಮೇಲಿನ ರೇಂಜ್ ಕಣ್ಣೆದುರೇ ಕರಗುತ್ತದೆ. ಸಲೈನಾ ದಾಟುವ ಮೊದಲೇ ಚಾರ್ಜ್ ಮಾಡಿಕೊಳ್ಳಿ. ಜೀಪಿನ 21.5 ಗ್ಯಾಲನ್ ಟ್ಯಾಂಕಿಗೆ ಈ ಚಿಂತೆ ಇಲ್ಲ. ಲೋ-ರೇಂಜಿನಲ್ಲಿ (ಕಡಿಮೆ ವೇಗ, ಹೆಚ್ಚು ಎಳೆತದ ಗೇರಿನಲ್ಲಿ) ಗ್ಯಾಲನ್ನಿಗೆ ಹತ್ತೇ ಮೈಲಿ ಕೊಟ್ಟರೂ ವೈಟ್ ರಿಮ್ ಸುತ್ತಿ ಅರ್ಧ ಟ್ಯಾಂಕ್ ಉಳಿಯುತ್ತದೆ.

ನನ್ನ ತಕರಾರು ಟೈರಿನದು. ಸಕಲೇಶಪುರ, ಮಡಿಕೇರಿ ಕಡೆ ಕೆಸರಿನಲ್ಲಿ ಥಾರ್ ಓಡಿಸಿ ಪಳಗಿದವರು ಇಲ್ಲಿ ಒಂದು ವಿಷಯ ಹೊಸದಾಗಿ ಕಲಿಯಬೇಕು. ಅಲ್ಲಿ ಹಿಡಿತ ಸಿಗುವುದೇ ಕಷ್ಟ, ಇಲ್ಲಿನ ಮರಳುಗಲ್ಲಿನ ಮೇಲೆ ಹಿಡಿತ ಧಾರಾಳ, ಆದರೆ ಮೆಟ್ಟಿಲುಕಲ್ಲುಗಳ ಅಂಚು ಚೂಪು. ಆ ಅಂಚು ಟೈರಿನ ಪಕ್ಕೆಯನ್ನು ಸೀಳುತ್ತದೆ, ಪಕ್ಕೆ ಸೀಳಿದರೆ ಪಂಕ್ಚರ್ ಪ್ಲಗ್ ನಿಲ್ಲುವುದಿಲ್ಲ. ಇದನ್ನು ತಪ್ಪಿಸಲು ಗಾಳಿ ಇಳಿಸಿ ಓಡಿಸುತ್ತೇವೆ. ಸುಮಾರು 4,500 ಪೌಂಡಿನ ಜೀಪನ್ನು 18–20 ಪಿಎಸ್‌ಐಗೆ ನಿಶ್ಚಿಂತೆಯಿಂದ ಇಳಿಸಬಹುದು. ಅದರ 285/70ಆರ್17 ಟೈರಿನ ಪಕ್ಕೆ 7.8 ಇಂಚು ಎತ್ತರವಿದ್ದು ಕಲ್ಲಿನ ಮೇಲೆ ಮಡಚಿಕೊಳ್ಳುತ್ತದೆ. ರಿವಿಯನ್ನಿನ 275/65ಆರ್20 ಟೈರಿನ ಪಕ್ಕೆ 7 ಇಂಚು, ಹೊರುವ ಭಾರ 7,100 ಪೌಂಡ್. ಗಾಳಿಯನ್ನು 30ರ ಕೆಳಗೆ ಇಳಿಸಲು ಕೈ ಬರುವುದಿಲ್ಲ, ಇಳಿಸಿದರೆ ಕಲ್ಲಿಗೆ ರಿಮ್ಮೇ ಬಡಿಯುತ್ತದೆ. ಹೀಗಾಗಿ ಭಾರದ ಗಾಡಿ ಬಿಗಿ ಟೈರಿನಲ್ಲಿ ಚೂಪುಗಲ್ಲು ಹತ್ತಬೇಕಾಗುತ್ತದೆ.

ಸೀಳಿತು ಎಂದೇ ಇಟ್ಟುಕೊಳ್ಳಿ. ಜೀಪಿನ ಸ್ಟೆಪ್ನಿ ಹಿಂಬಾಗಿಲ ಮೇಲೆ ನೇತಾಡುತ್ತಿದೆ, ಮೂರು ನಟ್ ಬಿಚ್ಚಿದರೆ ಕೈಗೆ ಬಂತು. ಬಾಟಲ್ ಜ್ಯಾಕನ್ನು ಎರಡು ಚಕ್ರಗಳನ್ನು ಜೋಡಿಸುವ ನೇರ ಆಕ್ಸಲ್ ಕೊಳವೆಯ ಕೆಳಗೇ ಇಡಬಹುದು. ಎರಡು ಮೂರು ಇಂಚು ಎತ್ತಿದರೆ ಚಕ್ರ ನೆಲ ಬಿಡುತ್ತದೆ. ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೆ ಎಂದು ಯೋಚಿಸಬೇಕಾಗಿಲ್ಲ.

ರಿವಿಯನ್ನಿನಲ್ಲಿ ಸ್ಟೆಪ್ನಿಯನ್ನು ಕೊಳ್ಳುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು. ಅದು ಇರುವುದು ಹಿಂದಿನ ಡೆಕ್ಕಿನ ನೆಲದಡಿಯ ಪೆಟ್ಟಿಗೆಯಲ್ಲಿ. ಟೆಂಟು, ನೀರಿನ ಕ್ಯಾನು, ಒಲೆ, ಫ್ರಿಜ್ಜು ಎಲ್ಲವನ್ನೂ ಕೆಳಗಿಳಿಸದೆ ಆ ಮುಚ್ಚಳ ತೆರೆಯುವುದಿಲ್ಲ. ಆಮೇಲೆ ಪರದೆಯಲ್ಲಿ ಏರ್ ಸಸ್ಪೆನ್ಷನ್ನಿನ ತಾನೇ ಮಟ್ಟವಾಗುವ ಕೆಲಸವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಜ್ಯಾಕಿನ ಮೇಲಿದ್ದಾಗಲೇ ಗಾಡಿ ಅಲುಗಬಹುದು. ಪ್ರತಿ ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಆದ್ದರಿಂದ ಎತ್ತುವ ಆಕ್ಸಲ್ಲೇ ಇಲ್ಲ. ಗುರುತು ಹಾಕಿದ ಜಾಗದಲ್ಲಿ ಮಾತ್ರ ಜ್ಯಾಕ್ ಕೊಡಬೇಕು, ಬ್ಯಾಟರಿ ತಟ್ಟೆಯ ಕೆಳಗೆ ಕೊಡಲೇಬಾರದು. ದೇಹ ಎತ್ತಿದಂತೆಲ್ಲ ಚಕ್ರ ಕೆಳಗೆ ಜೋತುಬೀಳುವುದರಿಂದ ಜೀಪಿಗಿಂತ ಎಷ್ಟೋ ಇಂಚು ಹೆಚ್ಚು ಎತ್ತಬೇಕು. ಅಷ್ಟು ಭಾರ ಅಷ್ಟು ಎತ್ತರದಲ್ಲಿ, ಕೆಳಗೆ ಮರಳು. ಮುಕ್ಕಾಲು ಇಂಚು ದಪ್ಪದ, ಅಡಿ ಚದರದ ಪ್ಲೈವುಡ್ ಹಲಗೆ ಎರಡು ಇಲ್ಲದೆ ಜ್ಯಾಕು ಹೂತುಹೋಗುತ್ತದೆ. ಉಳಿದ ಮೂರು ಚಕ್ರಗಳಿಗೆ ಕಲ್ಲು ಒತ್ತು ಕೊಡುವುದನ್ನು ಮರೆಯಬೇಡಿ.

ರಿಪೇರಿ ಆಗಲೇ ಇಲ್ಲವೆಂದರೆ ಜೀಪಿನ ಟ್ರಾನ್ಸ್‌ಫರ್ ಕೇಸನ್ನು (ಹಿಂದೆ ಮುಂದಿನ ಆಕ್ಸಲ್ಲಿಗೆ ಬಲ ಹಂಚುವ ಗೇರುಪೆಟ್ಟಿಗೆ) ನ್ಯೂಟ್ರಲ್ಲಿಗೆ ಹಾಕಿ ನಾಲ್ಕು ಚಕ್ರದ ಮೇಲೇ ಎಳೆಸಿಕೊಂಡು ಬರಬಹುದು. ರಿವಿಯನ್ನಿಗೆ ಫ್ಲಾಟ್‌ಬೆಡ್ಡೇ ಆಗಬೇಕು, ಆ ಲಾರಿ ವೈಟ್ ರಿಮ್ಮಿಗೆ ಇಳಿಯುವ ಶೇಫರ್ ದಾರಿಯ ಕಡಿದಾದ ತಿರುವುಗಳಲ್ಲಿ ಇಳಿದು ಬರುವುದನ್ನು ನೆಚ್ಚಿಕೊಳ್ಳಬೇಡಿ.

ಕಲ್ಲು ಹತ್ತುವ ವಿಷಯ. ರೂಬಿಕಾನ್‌ಗೆ 4:1 ಲೋ-ರೇಂಜ್, ಹಿಂದೆ ಮುಂದೆ ಲಾಕರ್ (ಎಡಬಲದ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ವ್ಯವಸ್ಥೆ), ಬಟನ್ ಒತ್ತಿದರೆ ಕಳಚುವ ಮುಂದಿನ ಸ್ವೇ ಬಾರ್ (ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳು). ಒಂದು ಚಕ್ರ ಗಾಳಿಯಲ್ಲಿದ್ದರೂ ಉಳಿದವು ಕೂಡಲೇ ತಿರುಗುತ್ತವೆ. ರಿವಿಯನ್ನಿನ ನಾಲ್ಕು ಮೋಟರುಗಳ 835 ಕುದುರೆ ಶಕ್ತಿ ಇಲ್ಲಿ ಮುಖ್ಯವಲ್ಲ. ಯಾವ ಚಕ್ರ ಜಾರಿತೆಂದು ಸಾಫ್ಟ್‌ವೇರ್ ಗ್ರಹಿಸಿ ಬಲ ಬದಲಿಸಲು ಒಂದು ಕ್ಷಣ ಬೇಕು, ಮೆಟ್ಟಿಲುಕಲ್ಲಿನ ತುದಿಯಲ್ಲಿ ಆ ಕ್ಷಣ ಒಂದು ಜಗ್ಗಾಗಿ ತಿಳಿಯುತ್ತದೆ. ಗಾಡಿಯನ್ನು ಪೂರ್ತಿ ಎತ್ತರಕ್ಕೇರಿಸಿದರೆ ನೆಲದಿಂದ ಅಂತರ ಜೀಪನ್ನೂ ಮೀರುತ್ತದೆ ನಿಜ, ಆದರೆ ಆಗ ಚಕ್ರಗಳು ಕೆಳಕ್ಕೆ ಚಾಚಲು ಜಾಗ ಉಳಿಯದೆ ಸಸ್ಪೆನ್ಷನ್ ಗಡುಸಾಗುತ್ತದೆ.

ಇಳಿಯುವಾಗ ಮಾತ್ರ ರಿವಿಯನ್ನಿಗೆ ಸಾಟಿಯಿಲ್ಲ. ಶೇಫರ್ ದಾರಿಯ 1,500 ಅಡಿ ಇಳಿತವನ್ನು ಒಂದೇ ಪೆಡಲಿನಲ್ಲಿ (ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟರೇ ವೇಗ ತಡೆಯುತ್ತದೆ), ಬ್ರೇಕ್ ಬಿಸಿಯಾಗದೆ, ಮೂರು ಯೂನಿಟ್ಟಿನಷ್ಟು ಕರೆಂಟು ವಾಪಸ್ ಪಡೆಯುತ್ತ ಇಳಿಯಬಹುದು.

ಡೆಕ್ಕಿನಲ್ಲೇ ಇರುವ ಏರ್ ಕಂಪ್ರೆಸರ್ ದೊಡ್ಡ ಉಪಕಾರ, ಜೀಪಿಗೆ ಬೇರೆ ಕೊಳ್ಳಬೇಕು. ರಾತ್ರಿಯಿಡೀ ಸದ್ದಿಲ್ಲದೆ ಎಸಿ, ಫ್ರಿಜ್ಜು ಎರಡೂ ಓಡುತ್ತವೆ. ಜೀಪಿನಲ್ಲಿ 75 ಮೈಲಿ ವೇಗದಲ್ಲಿ ಪಕ್ಕದವರ ಜೊತೆ ಮಾತಾಡಬೇಕೆಂದರೆ ದನಿ ಏರಿಸಬೇಕು. ಟ್ರೇಲರ್ ಎಳೆಯುವವರಿಗೆ ರಿವಿಯನ್ 11,000 ಪೌಂಡ್ ಎಳೆಯುತ್ತದೆ, ರೇಂಜ್ ಅರ್ಧಕ್ಕಿಳಿಯುತ್ತದೆ.

ದುಡ್ಡಿನ ಮಾತಿಗೆ ಬಂದರೆ, ವರ್ಷಕ್ಕೆ 10,000 ಮೈಲಿ, ಪೆಟ್ರೋಲ್ ಗ್ಯಾಲನ್ನಿಗೆ 3.30 ಡಾಲರ್, ಮನೆಯ ಕರೆಂಟು ಯೂನಿಟ್ಟಿಗೆ 13 ಸೆಂಟ್ ಎಂದಿಟ್ಟುಕೊಳ್ಳಿ. ಗ್ಯಾಲನ್ನಿಗೆ 18 ಮೈಲಿ ಕೊಡುವ ಜೀಪು ಸುಮಾರು 1,830 ಡಾಲರ್ ಕುಡಿಯುತ್ತದೆ, ರಿವಿಯನ್ 620. ಉಳಿತಾಯ ವರ್ಷಕ್ಕೆ 1,200. ಹೊಸ ಗಾಡಿಗಳ ಬೆಲೆಯಲ್ಲಿ 20,000 ಡಾಲರ್ ಅಂತರವಿದ್ದರೆ ಅದು ತೀರಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. 7,500 ಡಾಲರಿನ ಕೇಂದ್ರ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಪಾರ್ಟ್‌ಮೆಂಟಿನಲ್ಲಿದ್ದು ಹೊರಗಿನ ಫಾಸ್ಟ್ ಚಾರ್ಜರನ್ನೇ ನೆಚ್ಚಿದವರಿಗೆ ಈ ಉಳಿತಾಯವೂ ಹೆಚ್ಚು ಉಳಿಯುವುದಿಲ್ಲ.

ಸ್ವಂತ ಗ್ಯಾರೇಜಿನಲ್ಲಿ 48 ಆಂಪ್ ಚಾರ್ಜರ್ ಇದ್ದು, ದಿನಾ ಆಫೀಸಿಗೂ ಅದೇ ಗಾಡಿ ಬೇಕು, ಕಲ್ಲುದಾರಿ ವರ್ಷಕ್ಕೆ ಒಂದೆರಡು ಸಲ ಮಾತ್ರ ಅನ್ನುವವರು ರಿವಿಯನ್ ಕೊಳ್ಳಲಿ, ಸ್ಟೆಪ್ನಿ ಹಾಕಿಸಿಕೊಂಡು, ಡೆಕ್ಕಿನ ಸಾಮಾನನ್ನು ಬೇಗ ಇಳಿಯುವ ಪೆಟ್ಟಿಗೆಗಳಲ್ಲಿ ತುಂಬಿಕೊಂಡು. ಪ್ರತಿ ಸೀಸನ್ನಿನಲ್ಲೂ ಹೆಲ್ಸ್ ರಿವೆಂಜ್, ಪಾಯ್ಸನ್ ಸ್ಪೈಡರ್‌ನಂಥ ಮೋಆಬ್ ಕಲ್ಲುದಾರಿಗಳನ್ನು ಹತ್ತುವ ನನ್ನಂಥವರು ಮೂರ್ನಾಲ್ಕು ವರ್ಷ ಹಳೆಯ ರೂಬಿಕಾನ್ ಹುಡುಕಿ, ಉಳಿದ ದುಡ್ಡಿನಲ್ಲಿ ಕಂಪ್ರೆಸರ್, 10,000 ಪೌಂಡ್ ಎಳೆಯುವ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ), ಹೊಸ ಟೈರು ಐದು ಕೊಳ್ಳುವುದು ಒಳ್ಳೆಯದು. ನಾಲ್ಕಲ್ಲ, ಐದು: ಸ್ಟೆಪ್ನಿಯೂ ಅದೇ ಅಳತೆಯದು, ಅದೇ ವಯಸ್ಸಿನದು ಇರಬೇಕು.